ಏರ್ ಫ್ರೈಯರ್ ಬೋರಲು ಹಾಕಬೇಡಿ, ಬೆನ್ನ ಮೇಲೆ ಮಲಗಿಸಿ

ಯಂತ್ರ: ಡಯಲ್ ತಿರುಗಿಸುವ ಸಾದಾ ಮಾದರಿ, 4 ಲೀಟರ್, 1500 ವ್ಯಾಟ್. ಎರಡೂವರೆ ವರ್ಷ ಹಳೆಯದು, ವಾರಂಟಿ ಮುಗಿದಿದೆ. ಜಾಗ: ತೀರ್ಥಹಳ್ಳಿ ಪಕ್ಕದ ನಮ್ಮನೆ ಅಡುಗೆಮನೆ. ಕಾಲ: 2024ರ ಜುಲೈ, ಪುನರ್ವಸು ಮಳೆ. ಒಳಗಿನ ಜಿಡ್ಡು ತೆಗೆಯೋದು ಅರ್ಧ ಗಂಟೆಯ ಕೆಲಸ ಅಂತ ಕೈಹಾಕಿದ್ದು ಆರು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಹೋಗಿದ್ದು ನನ್ನ ತಪ್ಪು ಸರಿಮಾಡೋಕೆ.

ಜುಲೈ 13, ಶನಿವಾರ. ಹೊಗೆ

ಸಂಜೆ ಕೋಳಿ ಕಾಲು ಮಸಾಲೆ ಸವರಿ 200 ಡಿಗ್ರಿಗೆ ಇಟ್ಟೆ. ಹತ್ತು ನಿಮಿಷಕ್ಕೆ ಹಿಂದಿನ ಗಾಳಿಕಿಂಡಿಯಿಂದ ಬಿಳಿ ಹೊಗೆ ದಬದಬ ಬರತೊಡಗಿತು. ಹಿಂದಿನ ವಾರ ಬಾಳೆಕಾಯಿ ಹೋಳು ಹುರಿದಾಗಲೂ ಮೀನಿನ ಕಮಟು ವಾಸನೆ ಇತ್ತು. ಮೇ ತಿಂಗಳಿಂದ ಮನೆಗೆ ಬಂಗುಡೆ ಬಂದೇ ಇಲ್ಲ, ಜೂನ್ ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಂದಮೇಲೆ ಎರಡು ತಿಂಗಳ ಹಿಂದಿನ ಬಂಗುಡೆ ಇನ್ನೂ ಎಲ್ಲೋ ಒಳಗೇ ಕೂತಿದೆ.

ಬುಟ್ಟಿ ಪ್ರತಿ ಸಲ ತೊಳೀತೀವಿ. ಆದ್ದರಿಂದ ಮೊದಲು ತಪ್ಪು ಬುಟ್ಟಿಯದೋ ಯಂತ್ರದ್ದೋ ನೋಡಬೇಕಿತ್ತು. ಬುಟ್ಟಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಖಾಲಿ ಇಟ್ಟು 200 ಡಿಗ್ರಿಗೆ ಓಡಿಸಿದೆ. ನಾಲ್ಕೇ ನಿಮಿಷಕ್ಕೆ ಹೊಗೆ. ಅಲ್ಲಿಗೆ ಬುಟ್ಟಿ ನಿರಪರಾಧಿ.

ಪ್ಲಗ್ ಕಿತ್ತು, ಒಂದು ಗಂಟೆ ಆರಲು ಬಿಟ್ಟು, ಬುಟ್ಟಿ ತೆಗೆದು ಒಳಗೆ ಮೊಬೈಲ್ ತೂರಿಸಿ ಮೇಲ್ಮುಖವಾಗಿ ಫೋಟೋ ತೆಗೆದೆ. ಬಗ್ಗಿ ನೋಡಿದರೆ ಕಾಣಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಮೇಲೆ ಕಾಯುವ ಸುರುಳಿ, ಅಂದರೆ ಕಾಯಿಲ್, ಅದರ ಸುತ್ತ ತಂತಿ ಜಾಲರಿ, ಜಾಲರಿ ತುಂಬ ಬೆಲ್ಲದ ಪಾಕ ಮೆತ್ತಿದ ಹಾಗೆ ಕಂದು ಜಿಡ್ಡು. ಕಾಯಿಲ್ ಮೇಲೆ ಕರಕಲು ಹಕ್ಕಳೆ. ಒಂದು ಕಡೆ ಕಪ್ಪು ಎಲೆಯ ಚೂರು ಅಂಟಿತ್ತು. ಅದರ ಇತಿಹಾಸ ನನಗೆ ಗೊತ್ತು. ಬಟರ್ ಪೇಪರಿಗೆ ದುಡ್ಡು ಯಾಕೆ ಅಂತ ಒಂದು ದಿನ ಬಾಳೆಎಲೆ ಕತ್ತರಿಸಿ ಬುಟ್ಟಿಗೆ ಹಾಸಿ, ಖಾಲಿಯಾಗಿಯೇ ಬಿಸಿಗೆ ಇಟ್ಟಿದ್ದೆ. ಮೇಲೆ ಭಾರ ಇಲ್ಲದ್ದಕ್ಕೆ ಫ್ಯಾನಿನ ಗಾಳಿಗೆ ಎಲೆ ಹಾರಿ ಕಾಯಿಲಿಗೆ ಹೋಗಿ ಅಂಟಿತ್ತು. ಕಾಗದವಾಗಿದ್ದರೆ ಬೆಂಕಿಯೇ ಹತ್ತುತ್ತಿತ್ತೋ ಏನೋ. ಎಲೆ ಹಸಿ ಇದ್ದದ್ದಕ್ಕೆ ಬರೀ ಕರಕಲಾಗಿ ಬಚಾವು.

ಅದೇ ರಾತ್ರಿ. ಮೊದಲ ಎರಡು ಪ್ರಯತ್ನ

ಒಂದು: ಬುಟ್ಟಿಯ ಕೆಳಗಿನ ಪಾತ್ರೆಗೆ ಎರಡು ಲೋಟ ನೀರು, ಎರಡು ನಿಂಬೆಹಣ್ಣಿನ ರಸ, ಸಿಪ್ಪೆ ಸಮೇತ. 180 ಡಿಗ್ರಿ, 15 ನಿಮಿಷ. ಆರಿದ ಮೇಲೆ ನೋಡಿದರೆ ನೀರಿನ ಮೇಲೆ ಅಲ್ಲಲ್ಲಿ ಕಂದು ಹನಿ ತೇಲುತ್ತಿತ್ತು. ಜಿಡ್ಡು ಕೊಂಚ ಮೆತ್ತಗಾಗಿತ್ತು, ವಾಸನೆ ಅರ್ಧಕ್ಕರ್ಧ ಕಡಿಮೆ. ಹೊಗೆ ಮಾತ್ರ ಹಾಗೇ. ವಾರಕ್ಕೊಮ್ಮೆ ಮಾಡಿಕೊಳ್ಳೋಕೆ ಇದು ಒಳ್ಳೇದು, ಎರಡು ವರ್ಷದ ಪಾಪ ತೊಳೆಯೋಕೆ ಸಾಲದು.

ಎರಡು: ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ನೊರೆ ಬರಿಸಿ ಜಾಲರಿಗೆ ಹಚ್ಚಿದೆ. ನೋಡೋಕೆ ಬಲು ಚೆಂದ, ಬುಸ್ ಅಂತ ಏಳುತ್ತೆ. ನೊರೆ ಇಳಿದ ಮೇಲೆ ಉಳಿಯೋದು ಉಪ್ಪುಪ್ಪಾದ ನೀರು, ಜಿಡ್ಡು ಇದ್ದಲ್ಲೇ. ಹುಳಿಯೂ ಸೋಡಾವೂ ಒಂದನ್ನೊಂದು ತಿಂದುಹಾಕಿದವು. 100 ಗ್ರಾಂ ಸೋಡಾ ದಂಡ. ಈ ನೊರೆ ನಂಬಿ ಸಿಂಕಿಗೂ ಎಷ್ಟೋ ಸಲ ಸುರಿದಿದ್ದೀನಿ ಅಂತ ನೆನೆದರೆ ನಾಚಿಕೆ.

ಜುಲೈ 14, ಭಾನುವಾರ. ದೊಡ್ಡ ತಪ್ಪು

ಬೆಳಗ್ಗೆ ಹುಮ್ಮಸ್ಸಿನಲ್ಲಿ ಯಂತ್ರವನ್ನು ಗೋಣಿಚೀಲದ ಮೇಲೆ ಪೂರ್ತಿ ಬೋರಲು ಹಾಕಿದೆ. ಕಾಯಿಲ್ ಈಗ ಬಾವಿಯ ತಳದ ಹಾಗೆ ಕೆಳಗೆ, ಕೈ ಸಲೀಸಾಗಿ ಹೋಗುತ್ತೆ. ಬಿಸಿನೀರಿಗೆ ಮೂರು ಚಮಚ ಸೋಡಾ ಕಲಸಿ, ತಲೆಗೂದಲಿಗೆ ನೀರು ಚಿಮುಕಿಸುವ ಬಾಟಲಿಗೆ ತುಂಬಿ ಕಾಯಿಲಿಗೆ ಚಿಮುಕಿಸಿದೆ. ಅರ್ಧ ಗಂಟೆ ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ. ಜಿಡ್ಡು ಎದ್ದು ಬಂತು. ಖುಷಿಯಾಗಿ ಇನ್ನೊಂದು ಬಾಟಲಿ ಖಾಲಿ ಮಾಡಿದೆ. ಬಟ್ಟೆಯಿಂದ ಒರೆಸಿದೆ, ನೆಟ್ಟಗೆ ನಿಲ್ಲಿಸಿದೆ, ಎರಡು ಗಂಟೆ ಆರಿಸಿದೆ.

ಮಧ್ಯಾಹ್ನ ಪ್ಲಗ್ ಹಾಕಿ ಡಯಲ್ ತಿರುಗಿಸಿದ ಕ್ಷಣವೇ ಇಡೀ ಮನೆ ಕತ್ತಲು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗೋದು ಸುದ್ದಿಯೇ ಅಲ್ಲ. ಯಾವುದೋ ಲೈನಿಗೆ ಮರ ಬಿದ್ದಿರಬೇಕು ಅಂದುಕೊಂಡು ಕಾಫಿ ಮಾಡಿಕೊಂಡು ಕೂತೆ. ಇಪ್ಪತ್ತು ನಿಮಿಷ ಆದಮೇಲೆ ಅಮ್ಮ, "ಎದುರುಮನೇಲಿ ಲೈಟ್ ಉಂಟಲ್ಲ" ಅಂದರು. ಹೋಗಿ ನೋಡಿದರೆ, ಕರೆಂಟ್ ಅರ್ತಿಗೆ ಸೋರಿದರೆ ಲೈನ್ ಕಡಿಯುವ ನಮ್ಮ ಆರ್‌ಸಿಸಿಬಿ ಕೆಳಗೆ ಬಿದ್ದಿದೆ. ಎತ್ತಿದರೆ ನಿಲ್ಲುತ್ತೆ, ಏರ್ ಫ್ರೈಯರ್ ಡಯಲ್ ತಿರುಗಿಸಿದರೆ ಬೀಳುತ್ತೆ. ಎರಡು ಸಲ ನೋಡಿದೆ, ಮೂರನೇದು ಬೇಡ ಅಂತ ಪ್ಲಗ್ ಕಿತ್ತೆ.

ಆಗಿದ್ದೇನು ಅಂದರೆ, ಏರ್ ಫ್ರೈಯರಿನಲ್ಲಿ ಮೋಟಾರು, ವೈರು, ಕಾಯಿಲಿನ ತುದಿ ಎಲ್ಲ ಇರೋದು ಮೇಲ್ಭಾಗದಲ್ಲಿ, ಕಾಯಿಲಿಗಿಂತ ಮೇಲೆ. ನೆಟ್ಟಗೆ ನಿಂತಾಗ ನೀರು ಅಲ್ಲಿಗೆ ಹತ್ತಲ್ಲ. ಬೋರಲು ಹಾಕಿದ ಕೂಡಲೇ ಅದೇ ಎಲ್ಲಕ್ಕಿಂತ ಕೆಳಗಾಯ್ತು. ಫ್ಯಾನಿನ ಕಡ್ಡಿ ಹೊರಬರುವ ತೂತಿನಿಂದ, ಕಾಯಿಲ್ ತೂರಿಸಿದ ಸಂದಿನಿಂದ ನನ್ನ ಸೋಡಾ ನೀರು ಸೀದಾ ಅಲ್ಲಿಗೇ ಇಳಿದಿತ್ತು. ಬರೀ ನೀರಲ್ಲ, ಸೋಡಾ ಬೆರೆತ ನೀರು, ಕರೆಂಟಿಗೆ ಇನ್ನೂ ಒಳ್ಳೇ ದಾರಿ.

ಪಂಪ್‌ಸೆಟ್ ನೋಡೋಕೆ ಅಂತ ಇಟ್ಟಿದ್ದ ಹಳದಿ ಮಲ್ಟಿಮೀಟರ್ ಹುಡುಕಿ ತೆಗೆದೆ. ಪ್ಲಗ್ ಗೋಡೆಯಿಂದ ಕಿತ್ತಿಟ್ಟು, ಬುಟ್ಟಿ ಒಳಗೆ ತಳ್ಳಿ, ಡಯಲ್ ಹತ್ತು ನಿಮಿಷಕ್ಕೆ ತಿರುಗಿಸಿ, ಉಷ್ಣತೆ ಗುಂಡಿ ಪೂರ್ತಿ ಏರಿಸಿ ಅಳೆದೆ. ಪ್ಲಗ್ಗಿನ ಎರಡು ಸಣ್ಣ ಪಿನ್ ನಡುವೆ ಕರೆಂಟಿಗೆ ಇರುವ ತಡೆ 36 ಓಮ್. 1500 ವ್ಯಾಟಿನ ಕಾಯಿಲ್ ಅಷ್ಟೇ ತೋರಿಸಬೇಕು, ಅಂದರೆ ಕಾಯಿಲ್ ಸತ್ತಿಲ್ಲ. ಸಣ್ಣ ಪಿನ್ನಿಗೂ ಅರ್ತಿನ ದಪ್ಪ ಪಿನ್ನಿಗೂ ನಡುವೆ ಏನೂ ತೋರಿಸಬಾರದು. ತೋರಿಸಿದ್ದು 9 ಕಿಲೋ ಓಮ್. 230 ವೋಲ್ಟಿಗೆ ಲೆಕ್ಕ ಹಾಕಿದರೆ 25 ಮಿಲಿಆಂಪ್ ಅರ್ತಿಗೆ ಸೋರುತ್ತಿದೆ. 30 ಮಿಲಿಆಂಪಿನ ಆರ್‌ಸಿಸಿಬಿ ಬೀಳೋಕೆ ಇಷ್ಟು ಸಾಕು, ಅದು ಮೂವತ್ತು ಮುಟ್ಟೋ ಮುಂಚೆಯೇ, ಹದಿನೈದು ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು.

ಪರಿಚಯದ ಒಬ್ಬರು ಫೋನಿನಲ್ಲಿ, "ಅರ್ತ್ ಪಿನ್ ಇಲ್ಲದ ಪ್ಲಗ್ ಹಾಕಿ, ಬೀಳಲ್ಲ" ಅಂದರು. ಬೀಳಲ್ಲ, ನಿಜ. ಆಮೇಲೆ ಬೀಳೋದು ಬುಟ್ಟಿ ಎಳೆದವರು. ಸರ್ವಿಸ್ ಸೆಂಟರಿನವರು ಶಿವಮೊಗ್ಗಕ್ಕೆ ತನ್ನಿ, ಕಾಯಿಲ್ ಬದಲಿಸಬೇಕಾದೀತು, 1,200 ರೂಪಾಯಿ ಆಗಬಹುದು ಅಂದರು. 36 ಓಮ್ ತೋರಿಸುತ್ತಿರೋ ಕಾಯಿಲ್ ಯಾಕೆ ಬದಲಿಸಬೇಕು? ಆ ಮಳೆಯಲ್ಲಿ ಅರವತ್ತು ಕಿಲೋಮೀಟರ್ ಹೋಗೋ ಮನಸ್ಸೂ ಇರಲಿಲ್ಲ.

ಜುಲೈ 15, ಸೋಮವಾರ. ಬಿಚ್ಚಿದ್ದು

ಮೇಲಿನ ಮುಚ್ಚಳಕ್ಕೆ ಆರು ಸ್ಕ್ರೂ. ನಾಲ್ಕು ಸಾದಾ ನಕ್ಷತ್ರ ತಲೆ, ಎರಡು ತ್ರಿಕೋನ ತಲೆ. ಈ ತ್ರಿಕೋನ ಇಟ್ಟಿರೋದೇ ನಮ್ಮಂಥವರು ಬಿಚ್ಚಬಾರದು ಅಂತ. ಎರಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗಲಿಲ್ಲ, ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ 250 ರೂಪಾಯಿಗೆ ಬಿಟ್ ಸೆಟ್ ಸಿಕ್ಕಿತು. ಬಿಚ್ಚುವ ಪ್ರತಿ ಹಂತಕ್ಕೂ ಫೋಟೋ ತೆಗೆದಿಟ್ಟೆ. ಆಮೇಲೆ ಜೋಡಿಸುವಾಗ ಇದೊಂದೇ ಕಾಪಾಡಿದ್ದು.

ಒಳಗೆ: ಮೋಟಾರಿನ ಮೇಲೆ ದೂಳು ಜಿಡ್ಡು ಸೇರಿ ಹತ್ತಿಯಂಥ ಪದರ. ಒಂದು ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆಯ ಚಿಪ್ಪು, ಖಾಲಿ. ಮರಿಗಳು ಬೆಚ್ಚಗಿನ ಬಾಣಂತಿಕೋಣೆಯಲ್ಲಿ ಹುಟ್ಟಿ ಹೋಗಿವೆ. ಮತ್ತೆ, ನಾನು ಹುಡುಕುತ್ತಿದ್ದದ್ದು: ಕಾಯಿಲಿನ ಎರಡೂ ತುದಿ ತಗಡು ದಾಟಿ ಬರುವಲ್ಲಿ ಬಿಳಿ ಸೋಡಾ ಕೆಸರು, ಇನ್ನೂ ಒದ್ದೆ.

ವೈರು ಕೀಳಲಿಲ್ಲ. ಮೆಡಿಕಲ್ ಅಂಗಡಿಯಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕಿವಿಕಡ್ಡಿಗೆ ಅದ್ದಿ ಆ ಬಿಳಿಯನ್ನೆಲ್ಲ ಒರೆಸಿದೆ. ಹತ್ತಿಪ್ಪತ್ತು ಕಡ್ಡಿ ಹೋಯಿತು. ಇದು ಬೇಗ ಆರುತ್ತೆ, ನೀರನ್ನೂ ಜತೆಗೆ ಕರಕೊಂಡು ಹೋಗುತ್ತೆ. ಆದರೆ ಬೆಂಕಿಗೆ ಪೆಟ್ರೋಲಿನ ತಂಗಿ, ಹಾಗಾಗಿ ಆ ದಿನವಿಡೀ ಪ್ಲಗ್ ಹತ್ತಿರವೂ ಯಂತ್ರ ಸುಳಿಯಲಿಲ್ಲ. ಒರೆಸಿದ ಮೇಲೆ ಮೀಟರ್: 22 ಕಿಲೋ ಓಮ್. ಈ ಅಂಕಿ ಏರಿದಷ್ಟೂ ಸೋರಿಕೆ ಕಡಿಮೆ, ಅಂದರೆ ಸುಧಾರಿಸಿದೆ, ಸಾಲದು. ಕಾಯಿಲಿನ ಉಕ್ಕಿನ ಕೊಳವೆಯೊಳಗೆ ತಂತಿಯ ಸುತ್ತ ಬಿಳಿ ಪುಡಿ ತುಂಬಿರುತ್ತೆ, ಅದು ತೇವ ಕುಡಿದರೆ ಒರೆಸಿ ತೆಗೆಯೋಕೆ ಆಗಲ್ಲ, ಕಾಯಿಸಿಯೇ ಓಡಿಸಬೇಕು.

ಜುಲೈ 16, 17. ಬಚ್ಚಲ ಒಲೆ

ಬಿಸಿಲು ಇದ್ದಿದ್ದರೆ ಅಂಗಳದಲ್ಲಿಟ್ಟು ಒಂದು ದಿನಕ್ಕೆ ಮುಗಿಯುತ್ತಿತ್ತು. ಬಿಸಿಲು ನೋಡಿ ಮೂರು ವಾರವಾಗಿತ್ತು. ಮಲೆನಾಡಿನಲ್ಲಿ ಆಷಾಢದಲ್ಲಿ ಏನೇ ಒಣಗಬೇಕಿದ್ದರೂ, ಕಂಬಳಿಯಾಗಲಿ ಮಕ್ಕಳ ಯೂನಿಫಾರ್ಮ್ ಆಗಲಿ, ಬಚ್ಚಲ ಒಲೆಯೇ ಗತಿ. ಹಂಡೆ ಒಲೆಯ ಪಕ್ಕದ ಕಟ್ಟೆ ಮೇಲೆ, ಬೆಂಕಿಯಿಂದ ಮೂರಡಿ ದೂರ, ಮುಚ್ಚಳ ಬಿಚ್ಚಿದ ಯಂತ್ರವನ್ನು ಇಟ್ಟೆ. ಮೇಲೆ ಹಳೇ ಪಂಚೆ, ಬೂದಿ ಬೀಳದ ಹಾಗೆ. ಅಮ್ಮ ಬೆಳಗ್ಗೆ ನೀರೊಲೆ ಹಾಕೋಕೆ ಬಂದವರು ನೋಡಿ, "ಇದಕ್ಕೂ ಸ್ನಾನವಾ?" ಅಂದರು.

ಮಂಗಳವಾರ ರಾತ್ರಿ 140 ಕಿಲೋ ಓಮ್. ಬುಧವಾರ ಬೆಳಗ್ಗೆ 600. ಆಮೇಲೆ ಏರಲೇ ಇಲ್ಲ, ಹೊರಗಿನ ಗಾಳಿಯೇ ಅಷ್ಟು ಒದ್ದೆ. ಅಟ್ಟದಿಂದ ಹಳೇ 60 ವ್ಯಾಟಿನ ಗಾಜಿನ ಬಲ್ಬು, ಹೋಲ್ಡರ್ ತಂದು, ಬುಟ್ಟಿಯ ಜಾಗದಲ್ಲಿ ಚಪ್ಪಡಿ ಹೆಂಚಿನ ಚೂರಿನ ಮೇಲೆ ನಿಲ್ಲಿಸಿ ಹೊತ್ತಿಸಿದೆ. ಕೋಳಿಮರಿಗೆ ಇಡ್ತಾರಲ್ಲ, ಹಾಗೆ. ಐದು ಗಂಟೆ, ಪಕ್ಕದಲ್ಲೇ ಕೂತು. ರಾತ್ರಿ ಎಂಟಕ್ಕೆ ಬಲ್ಬು ತೆಗೆದು ಅಳೆದರೆ ಮೀಟರಿನ 2000 ಕಿಲೋ ಓಮ್ ಅಳತೆಯಲ್ಲೂ ಎಡಗಡೆ ಬರೀ 1. ಅಂದರೆ ಅಳತೆಗೆ ಮೀರಿದೆ, ಸೋರಿಕೆ ನಿಂತಿದೆ. ಎಲ್‌ಇಡಿ ಬಲ್ಬಿನಲ್ಲಿ ಈ ಕೆಲಸ ಆಗಲ್ಲ, ಬೆಳಕು ಕೊಡುತ್ತೆ, ಕಾವು ಕೊಡಲ್ಲ.

ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, 16 ಆಂಪ್ ಸಾಕೆಟ್ಟಿಗೆ ಚುಚ್ಚಿ, ಮರದ ಮಣೆ ಮೇಲೆ ನಿಂತು ಡಯಲ್ ತಿರುಗಿಸಿದೆ. ಮನೆಯ ಲೈಟ್ ಹಾಗೇ ಇತ್ತು. ಕಾಯಿಲ್ ಕೆಂಪಾಯ್ತು. ಆದರೆ ಹಿಟ್ಟಿನ ಗಿರಣಿ ಥರ ಗರಗರ ಸದ್ದು.

ಜುಲೈ 18, ಗುರುವಾರ. ಬೆನ್ನ ಮೇಲೆ ಮಲಗಿಸಿ, ಮತ್ತೆ ಮೊದಲಿಂದ

ಸದ್ದಿನ ಕಾರಣ ಫ್ಯಾನ್. ಭಾನುವಾರ ನಾನು ತಿಕ್ಕಿದ್ದು ಕೈಗೆ ಸಿಕ್ಕ ಅರ್ಧ ಭಾಗ ಮಾತ್ರ. ಎರಡು ರೆಕ್ಕೆ ಥಳಥಳ, ಉಳಿದವುಗಳ ಬೆನ್ನಿಗೆ ಜಿಡ್ಡಿನ ಮಡ್ಡಿ. ತೂಕ ಒಂದೇ ಕಡೆ ಆಗಿ ಅಲುಗಾಡುತ್ತಿತ್ತು. ಅರೆಬರೆ ಶುಚಿಗಿಂತ ಪೂರ್ತಿ ಕೊಳೆಯೇ ವಾಸಿ ಅನ್ನೋ ಸ್ಥಿತಿ.

ಈ ಸಲ ಯಂತ್ರವನ್ನು ಬೆನ್ನ ಮೇಲೆ ಮಲಗಿಸಿದೆ, ಬುಟ್ಟಿಯ ಬಾಯಿ ಆಕಾಶಕ್ಕೆ. ಆಗ ಕಾಯಿಲ್ ಒಂದು ಪಕ್ಕದ ಗೋಡೆಯಾಗುತ್ತೆ. ಏನೇ ತೊಟ್ಟಿಕ್ಕಿದರೂ ಬುಟ್ಟಿ ಕೂರುವ ಗೂಡಿನೊಳಗೇ ಬೀಳುತ್ತೆ, ಮೋಟಾರಿನ ಕಡೆ ಹೋಗಲ್ಲ. ಗೂಡಿಗೆ ಹಳೇ ಟವೆಲ್ ತುರುಕಿದೆ. ಬಾಟಲಿ ಮುಟ್ಟಲಿಲ್ಲ. ಎರಡು ಚಮಚ ಸೋಡಾಕ್ಕೆ ಒಂದು ಚಮಚಕ್ಕಿಂತ ಕಡಿಮೆ ನೀರು, ಚಟ್ನಿಗಿಂತ ಗಟ್ಟಿ, ಜಾರಬಾರದು. ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ದ್ರವ. ಬ್ರಷ್‌ನಿಂದ ಕಾಯಿಲ್, ಜಾಲರಿ, ಫ್ಯಾನ್ ರೆಕ್ಕೆಗೆ ಹಚ್ಚಿ ಇಪ್ಪತ್ತು ನಿಮಿಷ.

ಜಾಲರಿ ತೆಗೆದರೆ ಸುಲಭ ಅಂತ ಅದರ ಮೂರು ಸ್ಕ್ರೂಗೆ ಕೈಹಾಕಿದೆ. ಎರಡು ಬಂದವು. ಮೂರನೇದು ಕಾವಿಗೆ ಕಚ್ಚಿಕೊಂಡಿತ್ತು. ಅಳತೆಗೆ ಸಣ್ಣದಾದ ಬಿಟ್ ಹಾಕಿ ಜೋರು ಮಾಡಿದ್ದಕ್ಕೆ ತಲೆಯೇ ಸವೆದುಹೋಯಿತು. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸೋ ಉಪಾಯವೂ ನಡೆಯಲಿಲ್ಲ. ಕೊನೆಗೆ ಜಾಲರಿಯನ್ನು ಅದೊಂದೇ ಸ್ಕ್ರೂ ಮೇಲೆ ಬಾಗಿಲ ಹಾಗೆ ಪಕ್ಕಕ್ಕೆ ತಿರುಗಿಸಿ ಕೆಲಸ ಮಾಡಿದೆ.

ಮೂರು ಸುತ್ತು ಹಚ್ಚಿ ಒರೆಸಿದ ಮೇಲೆ ಕಾಯಿಲಿನ ಉಕ್ಕಿನ ಬಣ್ಣ ಕಂಡಿತು. ಕರಕಲು ಹಕ್ಕಳೆಯನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿದೆ. ಚಾಕು, ಸ್ಟೀಲ್ ನಾರು ಒಳಗೆ ಬಿಡಲಿಲ್ಲ. ನಾರಿನ ಒಂದು ಎಳೆ ಉದುರಿ ಕಾಯಿಲಿನ ತುದಿಗೆ ಸಿಕ್ಕರೆ ಮತ್ತೆ ಮೊದಲಿನ ಕಥೆ. ಫ್ಯಾನ್ ರೆಕ್ಕೆಯ ಬೆನ್ನಿಗೆ ಕಿವಿಕಡ್ಡಿ, ಒಂದೊಂದನ್ನೂ ಎಣಿಸಿ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸುತ್ತಾ ಹೋದೆ, ಬಟ್ಟೆಗೆ ಬಿಳಿ ಅಂಟೋದು ನಿಲ್ಲುವವರೆಗೆ. ಹನ್ನೊಂದು ಸಲ ಆಯಿತು. ಸೋಡಾ ಬಹಳ ಹೊತ್ತು ಬಿಟ್ಟರೆ ಅಲ್ಯುಮಿನಿಯಂ ಕಪ್ಪಾಗುತ್ತೆ, ನನ್ನ ಯಂತ್ರದ ಒಳತಗಡಿನಲ್ಲಿ ಭಾನುವಾರದ ಗುರುತಾಗಿ ಎರಡು ಕಪ್ಪು ಕಲೆ ಉಳಿದಿವೆ. ಕೊಳವೆ ಕಟ್ಟಿದ್ದಕ್ಕೆ ಹಾಕೋ ಕಾಸ್ಟಿಕ್ ಪುಡಿಯಂತೂ ಮನಸ್ಸಿಗೂ ತಂದುಕೊಳ್ಳಬೇಡಿ, ತಗಡನ್ನೇ ತಿಂದುಹಾಕುತ್ತೆ.

ಆ ರಾತ್ರಿ ಮತ್ತೆ ಎರಡು ಗಂಟೆ ಬಲ್ಬು, ಮತ್ತೆ ಮೀಟರ್: 1. ಓಡಿಸಿದೆ. ಸದ್ದು ಇಲ್ಲ. 200 ಡಿಗ್ರಿಗೆ ಖಾಲಿ ಹದಿನೈದು ನಿಮಿಷ, ಮೊದಲ ಐದು ನಿಮಿಷ ತೆಳ್ಳಗೆ ವಾಸನೆ, ಆಮೇಲೆ ಏನೂ ಇಲ್ಲ.

ಬುಟ್ಟಿಯ ಕಡೆಗೆ ಒಂದು ಮಾತು

ಬುಟ್ಟಿ ನಿರಪರಾಧಿ ಅಂದಿದ್ದೆ, ಹೊಗೆಯ ಮಟ್ಟಿಗೆ. ಅದರ ಗತಿ ಬೇರೆ. ತೂತು ತಟ್ಟೆಯ ಮೂಲೆಯ ತೂತುಗಳು ಮುಚ್ಚಿಹೋಗಿದ್ದವು. ಬಿಸಿನೀರು, ಎರಡು ಚಮಚ ಸೋಡಾ, ಮುಕ್ಕಾಲು ಗಂಟೆ ನೆನೆಸಿ, ಹಿಡಿಸೂಡಿಯ ಕಡ್ಡಿಯಿಂದ ಒಂದೊಂದೇ ಚುಚ್ಚಿದೆ. ಅಮ್ಮ ಸೀಗೆಪುಡಿ ಹಾಕು ಅಂದರು. ಅವತ್ತಿನ ಹಸಿ ಎಣ್ಣೆಗೆ ಸೀಗೆಪುಡಿ ನಿಜಕ್ಕೂ ಯಾವ ದ್ರವಕ್ಕೂ ಕಡಿಮೆಯಿಲ್ಲ, ಸುಟ್ಟು ಅಂಟಿದ್ದಕ್ಕೆ ಮಾತ್ರ ಕೆಲಸ ಮಾಡಲ್ಲ.

ಹೋಗದೇ ಉಳಿದದ್ದು ಒಂದು ಹಳದಿ ಅಂಟು ಪದರ. ಅದು ಡಬ್ಬಿಯಿಂದ ಚಿಮುಕಿಸುವ ಅಡುಗೆ ಎಣ್ಣೆಯ ಕೊಡುಗೆ. ಅದರಲ್ಲಿರೋ ಲೆಸಿಥಿನ್ ನಾನ್‌ಸ್ಟಿಕ್ ಮೇಲೆ ಕಾದು ಗೋಂದಿನ ಹಾಗೆ ಕೂರುತ್ತೆ. ಆ ಡಬ್ಬಿ ಈಗ ಬಾಗಿಲ ಕೀಲಿಗೆ ಎಣ್ಣೆ ಬಿಡೋಕೆ ಹೋಗಿದೆ. ಪದರ ತೆಗೆಯೋಕೆ ಹಿಂದೊಮ್ಮೆ ಮನೆಯಲ್ಲಿ ಯಾರೋ ಬೂದಿ, ತೆಂಗಿನ ನಾರು ಹಾಕಿ ಉಜ್ಜಿದ್ದಾರೆ, ಗೀರುಗಳು ಸಾಕ್ಷಿ. ಯಾರು ಅಂತ ಕೇಳಿದರೆ ಎಲ್ಲರೂ ಮಳೆ ನೋಡ್ತಾರೆ.

ಇನ್ನೊಂದು: ತಟ್ಟೆಯ ಅಂಚಿಗೆ ನಾಲ್ಕು ಸಿಲಿಕೋನ್ ರಬ್ಬರ್ ಇರಬೇಕು, ಮೂರೇ ಇದ್ದವು. ಅದೊಂದು ಇಲ್ಲದ್ದಕ್ಕೆ ತಟ್ಟೆ ವಾಲಿ ಬುಟ್ಟಿಯ ಗೋಡೆಯನ್ನು ಕೆರೆಯುತ್ತಿತ್ತು. ಆನ್‌ಲೈನಿನಲ್ಲಿ ನಾಲ್ಕಕ್ಕೆ 179 ರೂಪಾಯಿ, ಜುಲೈ 24ಕ್ಕೆ ಬಂತು. ತೊಳೆಯುವ ಮುಂಚೆ ರಬ್ಬರ್ ಎಣಿಸಿ, ತೊಳೆದ ಮೇಲೂ ಎಣಿಸಿ.

ಜುಲೈ 28, ಭಾನುವಾರ. ಪರೀಕ್ಷೆ ಮತ್ತು ಲೆಕ್ಕ

ಅದೇ ಕೋಳಿ ಕಾಲು, ಅರ್ಧ ಕೆ.ಜಿ. ಈ ಸಲ 180 ಡಿಗ್ರಿ, 22 ನಿಮಿಷ, ಕೆಳಗಿನ ಪಾತ್ರೆಗೆ ಮೂರು ಚಮಚ ನೀರು. ಕೊಬ್ಬು ಬಿಸಿ ಲೋಹಕ್ಕೆ ಬೀಳುವ ಬದಲು ನೀರಿಗೆ ಬೀಳುತ್ತೆ, ಸುಟ್ಟು ಹೊಗೆಯಾಗಲ್ಲ. ಹೊಗೆ ಇಲ್ಲ, ಬಂಗುಡೆಯ ನೆನಪೂ ಇಲ್ಲ. ಮೊದಲು ಗೋಡೆಗೆ ಅಂಟಿಸಿ ಇಟ್ಟಿದ್ದೆ, ಹಿಂದಿನ ಟೈಲ್ಸ್ ಹಳದಿಯಾಗಿತ್ತು. ಈಗ ಗೋಡೆಗೂ ಯಂತ್ರಕ್ಕೂ ಒಂದು ಗೇಣು.

ಖರ್ಚು: ಅಡುಗೆ ಸೋಡಾ ಎರಡು ಪ್ಯಾಕೆಟ್ 40, ಐಸೊಪ್ರೊಪೈಲ್ 100 ಮಿಲಿ 110, ಬಿಟ್ ಸೆಟ್ 250, ರಬ್ಬರ್ 179. ಒಟ್ಟು 579 ರೂಪಾಯಿ. ಆ ಎರಡು ಬಾಟಲಿ ನೀರು ಚಿಮುಕಿಸದೇ ಇದ್ದಿದ್ದರೆ 219ಕ್ಕೆ ಮುಗಿಯುತ್ತಿತ್ತು.

ಈಗ ಮೀನು, ಕೋಳಿ ಮಾಡಿದ ದಿನ ಯಂತ್ರ ಉಗುರುಬೆಚ್ಚಗೆ ಇರುವಾಗಲೇ ಪ್ಲಗ್ ಕಿತ್ತು, ಹಿಂಡಿದ ಬಟ್ಟೆಯನ್ನು ಒಳಗೆ ಮೇಲ್ಮುಖವಾಗಿ ಆಡಿಸಿ ಜಾಲರಿ ಒರೆಸ್ತೀನಿ. ಎರಡು ನಿಮಿಷ. ತಣ್ಣಗಾಗಿ ಗಟ್ಟಿಯಾದರೆ ಅದೇ ಜಿಡ್ಡು ಇಪ್ಪತ್ತು ನಿಮಿಷ ಕೇಳುತ್ತೆ. ತಿಂಗಳಿಗೊಮ್ಮೆ ಮೊಬೈಲ್ ತೂರಿಸಿ ಒಂದು ಫೋಟೋ, ಹಿಂದಿನದರ ಪಕ್ಕ ಇಟ್ಟು ನೋಡ್ತೀನಿ. ಮೇಲಿನ ಗಾಳಿಕಿಂಡಿಯಿಂದ ಹಲ್ಲಿ ಮತ್ತೆ ಬಾರದ ಹಾಗೆ ರಾತ್ರಿ ಒಂದು ಬಟ್ಟೆ ಹೊದಿಸ್ತೀವಿ, ಓಡಿಸುವ ಮುಂಚೆ ಅದನ್ನು ತೆಗೆಯೋಕೆ ಮರೆಯಬಾರದು ಅಂತ ಬಟ್ಟೆಯ ತುದಿಯನ್ನು ಪ್ಲಗ್ಗಿಗೆ ಕಟ್ಟಿದ್ದೇವೆ.

ಆ ಮೂರನೇ ಸ್ಕ್ರೂ ಇನ್ನೂ ಹಾಗೇ ಇದೆ.